ಮಗು ಮಲಗಿದ ಮೇಲೆ ಕೇಳಿ

ಮಕ್ಕಳಿಂದ ಸುಖವುಂಟೇ ಎಂದು ಕೇಳುವವರು ಹೊತ್ತುಗೊತ್ತು ನೋಡಿ ಕೇಳುವುದಿಲ್ಲ. ಗೋಡೆಯ ಮೇಲಿನ ನಾಮಕರಣದ ಫೋಟೋ ತೋರಿಸಿ ಕೇಳಿದರೆ ಒಂದು ಉತ್ತರ, ಅದೇ ಗೋಡೆಯ ಮೇಲಿನ ಸ್ಕೆಚ್‌ಪೆನ್ ಗೀಚು ತೋರಿಸಿ ಕೇಳಿದರೆ ಇನ್ನೊಂದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಈ ವಿಷಯದಲ್ಲಿ ಜಾಣರು. 2004ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಂದ ನಿನ್ನೆಯ ದಿನಚರಿಯನ್ನು ಪ್ರಸಂಗ ಪ್ರಸಂಗವಾಗಿ ಬರೆಸಿ, ಆಯಾ ಹೊತ್ತಿನಲ್ಲಿ ಮನಸ್ಸು ಹೇಗಿತ್ತೆಂದು ವಿಚಾರಿಸಿದರು. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಟಿ.ವಿ. ನೋಡುವುದಕ್ಕಿಂತ, ಅಡುಗೆ ಮಾಡುವುದಕ್ಕಿಂತ ಕೆಳಗೆ ಬಿತ್ತು. ಆಫೀಸಿಗೆ ಹೋಗಿಬರುವ ಗೋಳಿಗಿಂತ ಮೇಲಿತ್ತು ಅನ್ನುವುದೊಂದು ಸಮಾಧಾನ.

ಯಾಕೆ ಹೀಗೆ ಎಂದು ತಿಳಿಯಲು ಟೆಕ್ಸಾಸಿಗೆ ಹೋಗಬೇಕಿಲ್ಲ, ಒಂದು ಬಟ್ಟಲು ರಾಗಿ ಸರಿ ಸಾಕು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬುವಷ್ಟರಲ್ಲಿ ಮೂರು ದಿನ ಆಗಿಹೋಗುತ್ತದೆ. ಆಮೇಲೆ ಒಂದು ದೊಡ್ಡ ಚಮಚ ಹಿಟ್ಟಿಗೆ ಒಂದು ಲೋಟ ನೀರು. ಹಿಟ್ಟನ್ನು ತಣ್ಣೀರಲ್ಲೇ ಕದಡಿಕೊಳ್ಳಬೇಕು. ಕುದಿಯುವ ನೀರಿಗೆ ಸುರಿದರೆ ಮೇಲ್ಪದರದ ಪಿಷ್ಟ ತಕ್ಷಣ ಬೆಂದು, ಒಳಗಿನ ಹಿಟ್ಟು ಒಣಗಿದ್ದಂತೆಯೇ ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಬಿಡದೆ ತಿರುವಬೇಕು. ಕಾಲಿಂಗ್ ಬೆಲ್ ಆಗುವುದೂ ಆಗಲೇ. ಇಷ್ಟೆಲ್ಲ ಆದ ಮೇಲೆ ಮಗು ಒಂದು ಚಮಚ ಬಾಯಿಗೆ ತೆಗೆದುಕೊಂಡು, ನಾಲಿಗೆಯಿಂದ ಹೊರಕ್ಕೆ ದಬ್ಬಿ, ನಗುತ್ತದೆ. ಹೊಸ ರುಚಿಯನ್ನು ಮಗು ಒಪ್ಪಬೇಕಾದರೆ ಎಂಟು ಹತ್ತು ಸಲವಾದರೂ ಕೊಟ್ಟು ನೋಡಬೇಕು. ಮನೆಯವರು ಮೂರನೇ ಸಲಕ್ಕೇ "ಇವನಿಗೆ ರಾಗಿ ಸೇರಲ್ಲ" ಎಂದು ತೀರ್ಪು ಕೊಟ್ಟು ಬಿಸ್ಕತ್ತಿನ ಪ್ಯಾಕೆಟ್ ಒಡೆಯುತ್ತಾರೆ. ಉಳಿದ ಸರಿ ಅಪ್ಪನ ಪಾಲು. ಅವನ ಮನಸ್ಸು ಹೇಗಿತ್ತೆಂದು ಯಾರೂ ವಿಚಾರಿಸುವುದಿಲ್ಲ.

ಮಲಗಿಸುವುದು ಇನ್ನೂ ಸೂಕ್ಷ್ಮದ ಕೆಲಸ. ಜಪಾನಿನ ರಿಕೆನ್ ಸಂಸ್ಥೆಯವರು ಹಸುಗೂಸುಗಳ ಎದೆಬಡಿತ ಅಳೆದು 2022ರಲ್ಲಿ ಒಂದು ಕ್ರಮ ಹೇಳಿದರು: ಅಳುವ ಕೂಸನ್ನು ಎತ್ತಿಕೊಂಡು 5 ನಿಮಿಷ ಒಂದೇ ಸಮನೆ ನಡೆಯಿರಿ, ನಿದ್ದೆ ಹತ್ತಿದ ಮೇಲೂ ಎತ್ತಿಕೊಂಡೇ 5ರಿಂದ 8 ನಿಮಿಷ ಕೂತಿರಿ, ಆಮೇಲೆ ಮಲಗಿಸಿ. ಎತ್ತಿಕೊಂಡವರ ಮೈಯಿಂದ ಬೇರ್ಪಡುವ ಗಳಿಗೆಯಲ್ಲೇ ಕೂಸಿಗೆ ಸುಳಿವು ಸಿಕ್ಕಿಬಿಡುತ್ತದೆ. ಹಾಸಿಗೆಯನ್ನು ಬೈದು ಪ್ರಯೋಜನವಿಲ್ಲ. ಹೊಸ ಅಪ್ಪಂದಿರು ಎಡವುವುದು ಇಲ್ಲೇ: ಕೂತ ಎರಡನೇ ನಿಮಿಷಕ್ಕೇ ಮಗುವನ್ನು ಇಳಿಸಿ ಮೊಬೈಲ್ ಹುಡುಕುತ್ತಾರೆ. ಏಳನೇ ನಿಮಿಷದಲ್ಲಿ ಕುಕ್ಕರ್ ಸೀಟಿ ಹೊಡೆದರೆ ಮಾತ್ರ ಯಾವ ವಿಜ್ಞಾನವೂ ಇಲ್ಲ. ಎದ್ದು ಮತ್ತೆ ಮೊದಲಿನಿಂದ ನಡೆಯಬೇಕು.

ಹಾಗೆಂದು ತಪ್ಪನ್ನೆಲ್ಲ ಕೂಸಿನ ಮೇಲೆ ಹಾಕುವಂತಿಲ್ಲ. ಸಮಾಜಶಾಸ್ತ್ರಜ್ಞೆ ಜೆನಿಫರ್ ಗ್ಲಾಸ್ ಮತ್ತಿತರರು 2016ರಲ್ಲಿ 22 ದೇಶಗಳನ್ನು ಹೋಲಿಸಿದಾಗ, ಮಕ್ಕಳಿಲ್ಲದವರಿಗಿಂತ ಹೆತ್ತವರು ಸುಖದಲ್ಲಿ ಅತಿ ಹೆಚ್ಚು ಹಿಂದೆ ಬಿದ್ದದ್ದು ಅಮೆರಿಕದಲ್ಲಿ. ಸಂಬಳದ ರಜೆ, ಮಕ್ಕಳ ಆರೈಕೆಗೆ ನೆರವು ಚೆನ್ನಾಗಿರುವ ದೇಶಗಳಲ್ಲಿ ಆ ಅಂತರ ಕರಗಿತ್ತು. ನಮ್ಮಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ; ಹದಿನಾರನೇ ದಿನ ಮಗು ತಾನೇ ಎದ್ದು ಹಲ್ಲುಜ್ಜುತ್ತದೆಂಬ ನಂಬಿಕೆ ಇರಬೇಕು.

ಹೀಗಾಗಿ ನಮ್ಮ ನಿಜವಾದ ಶಿಶುಪಾಲನಾ ನೀತಿಯ ಹೆಸರು ಅಜ್ಜಿ. ಅಮೆರಿಕದ ಕನ್ನಡ ಮನೆಗಳಲ್ಲಿ ಈ ನೀತಿ ಪ್ರವಾಸಿ ವೀಸಾದ ಮೇಲೆ, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ, ಸೂಟ್‌ಕೇಸಿನಲ್ಲಿ ಸರಿಹಿಟ್ಟು ಸಮೇತ ಬಂದಿಳಿಯುತ್ತದೆ. ಅವಧಿ ಮುಗಿದರೆ ಬೀಗಿತ್ತಿಯ ಸರದಿ. ಆಕೆ ಬಂದವಳೇ, ಕಾಫಿ ಕುಡಿಯುವುದಕ್ಕೂ ಮೊದಲು, ಹಿಂದಿನ ಆರು ತಿಂಗಳಲ್ಲಿ ಮಗುವಿಗೆ ಯಾವ್ಯಾವ ಕೆಟ್ಟ ಅಭ್ಯಾಸ ಅಂಟಿದೆ ಎಂದು ಲೆಕ್ಕ ಹಾಕುತ್ತಾಳೆ.