ನನ್ನ ಮೂರು ತಿಂಗಳ ಸರಾಸರಿಗೆ ಭಾನುವಾರ ಗೊತ್ತಿಲ್ಲ

ಈಗಷ್ಟೇ ಒಂದು ಗೃಹಪ್ರವೇಶದ ಊಟ ಮುಗಿಸಿ ಬಂದು ಕೂತಿದ್ದೇನೆ. ಊಟವೂ ಇಳಿದಿಲ್ಲ, ಸಿಟ್ಟೂ ಇಳಿದಿಲ್ಲ. ಎಲೆಗೆ ಎರಡೂ ಕೈ ಅಡ್ಡ ಇಟ್ಟು "ಬೇಡ, ಸಾಕು" ಎಂದು ಕೂತಿದ್ದವಳ ಬೆರಳುಗಳ ಮೇಲೆಯೇ ಎರಡನೇ ಒಬ್ಬಟ್ಟು ಬಿತ್ತು. ಹಿಂದೆಯೇ ಬಂದ ತುಪ್ಪದವರು ಬೆರಳೋ ಒಬ್ಬಟ್ಟೋ ಎಂದೂ ನೋಡದೆ ಸುರಿದು ಮುಂದೆ ಹೋದರು. ಬಡಿಸಿದ ಪುಣ್ಯಾತ್ಮ ತಿರುಗಿ ಹೇಳಿದ ಮಾತು ಇದು: "ಸಕ್ಕರೆ ಕಾಯಿಲೆ ಇನ್ನೂ ಗಡಿಯಲ್ಲಿ ತಾನೇ ಇರುವುದು ಅಕ್ಕಾ? ಭಾನುವಾರ ಒಂದು ದಿನಕ್ಕೆ ಏನಾಗುತ್ತದೆ, ತಿನ್ನಿ." ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅವರ ನಗುವಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅಂದ ಹಾಗೆ, ನನ್ನ ಕಾಯಿಲೆ ಎಲ್ಲಿಯವರೆಗೆ ಬಂದಿದೆ ಎಂಬುದು ಬಡಿಸುವವರಿಗೂ ಹೇಗೆ ಗೊತ್ತಾಯಿತು ಎಂಬುದು ಬೇರೆಯೇ ತನಿಖೆಯ ವಿಷಯ.

ನನ್ನ ರಿಪೋರ್ಟಿನ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹಾಡುವುದಿಲ್ಲ. ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2. ಗೊತ್ತಿಲ್ಲದವರಿಗೆ ಒಂದೇ ಸಾಲಿನಲ್ಲಿ: 5.7ರ ಒಳಗಿದ್ದರೆ ನಿಶ್ಚಿಂತೆ, 6.5 ಮುಟ್ಟಿದರೆ ಮಧುಮೇಹ, ನಡುವೆ ಇರುವವರು ನನ್ನಂತೆ ಬೇಲಿಯ ಮೇಲೆ ಕೂತವರು. ಈ ಪರೀಕ್ಷೆ ಹೇಳುವುದು ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಹಿಂದಿನ ರಾತ್ರಿ ಉಪವಾಸ ಮಾಡಿ ಅದಕ್ಕೆ ಮೋಸ ಮಾಡುವಂತಿಲ್ಲ. ಭಾನುವಾರ ತಿಂದದ್ದನ್ನು ಅದು ರಜೆಯ ಖಾತೆಗೆ ಬರೆದುಕೊಂಡು ಮನ್ನಾ ಮಾಡುವುದೂ ಇಲ್ಲ. ಶನಿವಾರವನ್ನೂ ಸೇರಿಸಿ ಏಳು ದಿನಗಳಲ್ಲಿ ಎರಡು ದಿನ ಎಂದರೆ ವರ್ಷಕ್ಕೆ ನೂರು ದಿನ ದಾಟುತ್ತದೆ. ಹಬ್ಬ, ಮದುವೆ, ಬೀಗರೂಟಗಳನ್ನು ನಾನಿನ್ನೂ ಸೇರಿಸಿಲ್ಲ. ಇಷ್ಟು ದಿನಗಳನ್ನು "ಒಂದು ದಿನ" ಎಂದು ಕರೆಯುವ ಲೆಕ್ಕಶಾಸ್ತ್ರವನ್ನು ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ಹೇಳಿದ್ದರೆ ಮ್ಯಾನೇಜರ್ ಸಾಹೇಬರನ್ನು ಕರೆಯುತ್ತಿದ್ದೆ.

ಬಾಳೆಎಲೆಯನ್ನೇ ನೋಡಿ. ಮೇಲುತುದಿಯಲ್ಲಿ ಹೆಸರುಬೇಳೆ ಕೋಸಂಬರಿ ಒಂದು ಚಮಚ, ಪಕ್ಕದಲ್ಲಿ ಹುರುಳಿಕಾಯಿ ಪಲ್ಯ ಒಂದು ಚಮಚ. ಅಲ್ಲಿಗೆ ಅವುಗಳ ಋಣ ತೀರಿತು. ಕೋಸಂಬರಿ ಹಿಡಿದು ಎರಡನೇ ಸುತ್ತು ಬಂದವರನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ. ಅನ್ನ ಮಾತ್ರ ಸಾರಿಗೆ ಒಮ್ಮೆ, ಹುಳಿಗೆ ಒಮ್ಮೆ, ಮಜ್ಜಿಗೆಗೆ ಒಮ್ಮೆ ಬರುತ್ತದೆ. ಒಬ್ಬಟ್ಟು, ಪಾಯಸ, ಬೋಂಡಗಳಿಗೆ ಉಪಚಾರದ ಮೇಲೆ ಉಪಚಾರ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಅದರಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕಂತೆ. ಹಣ್ಣು, ತರಕಾರಿಗಳೇ ಅರ್ಧ ತಟ್ಟೆ ತುಂಬಬೇಕು ಎಂಬುದು ಅವರ ಮಾತು. ನಮ್ಮ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ ಮತ್ತು ತರಕಾರಿಗೆ ಸಿಗುವ ಜಾಗ ಒಂದೇ. ತರಕಾರಿ ಬಡಿಸುವುದಿಲ್ಲ ಎಂದಲ್ಲ, ಬಡಿಸುತ್ತಾರೆ. ಅದನ್ನು ತಿನ್ನು ಎಂದು ಮಾತ್ರ ಯಾರೂ ಒತ್ತಾಯ ಮಾಡುವುದಿಲ್ಲ. ನಮ್ಮಲ್ಲಿ ಪ್ರೀತಿಗೆ ಸಕ್ಕರೆ, ಬೆಲ್ಲ, ಎಣ್ಣೆ, ತುಪ್ಪಗಳ ಹೊರತು ಬೇರೆ ರೂಪವೇ ಇಲ್ಲವೇ?

ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುತ್ತೇನೆ, ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ, ಮೊಳಕೆಕಾಳಿನ ಉಸಲಿ ಒಯ್ಯುತ್ತೇನೆ, ರಾತ್ರಿ ಎಂಟರೊಳಗೆ ಅರ್ಧ ಮುದ್ದೆ, ಸೊಪ್ಪಿನ ಸಾರು ಉಂಡು ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮನೆಯವರೆಲ್ಲ ಗಡಿಯಾರಕ್ಕೆ ಕಟ್ಟಿಹಾಕಿದಂತೆ ಇರುವುದರಿಂದ ನನಗೂ ಒಂದು ಗಂಟೆ ಉಳಿಯುತ್ತದೆ, ಅಷ್ಟೇ. ಮಗಳಿಗೆ ಕಾಲೇಜು ಬಸ್ಸು, ಯಜಮಾನರಿಗೆ ಕಾರ್ಖಾನೆಯ ಬಸ್ಸು, ಅತ್ತೆಯವರಿಗೆ ಏಳೂವರೆಯ ಕಾಫಿ. ಯಾವುದು ಎಷ್ಟು ಹೊತ್ತಿಗೆ ಎಂದು ಗೊತ್ತಿರುವುದರಿಂದ ಅವುಗಳ ಸಂದಿಯಲ್ಲಿ ನಾನು ತೂರಿಕೊಂಡು ಹೋಗಿ ಕೆರೆ ಸುತ್ತಿ ಬರುತ್ತೇನೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆ ಸಂದಿ ಮುಚ್ಚುವುದು ಅಂದೇ.

ನಮ್ಮ ಮನೆಯಲ್ಲಿ ಶನಿವಾರ ಒಪ್ಪತ್ತು. ಕೇಳಲು ಎಷ್ಟು ಚೆನ್ನಾಗಿದೆ! ರಾತ್ರಿ ಅನ್ನ ಮುಟ್ಟುವಂತಿಲ್ಲ. ಅನ್ನವೊಂದನ್ನು ಬಿಟ್ಟು ಇನ್ನೇನು ಬೇಕಾದರೂ ಮುಟ್ಟಬಹುದು. ರವೆ ಉಪ್ಪಿಟ್ಟು, ಅದರ ಜೊತೆಗೆ ಸಜ್ಜಿಗೆ, ಇಲ್ಲವೇ ಪೂರಿ ಸಾಗು, ಇಲ್ಲವೇ ಕಡಲೆಕಾಯಿ ಬೀಜ ಹಾಕಿ ಎಣ್ಣೆ ಮುಂದಾಗಿ ಒಗ್ಗರಿಸಿದ ಅವಲಕ್ಕಿ. ಅನ್ನ ನಿಷಿದ್ಧ, ಅವಲಕ್ಕಿ ಶ್ರೇಷ್ಠ. ಎರಡೂ ಒಂದೇ ಭತ್ತದಿಂದ ಬಂದವು ಎಂದು ಅತ್ತೆಯವರ ಎದುರು ಹೇಳುವ ಧೈರ್ಯ ನನಗಿಲ್ಲ. ದೇವರ ಹೆಸರಿನಲ್ಲಿ ಮಾಡುವ ಈ ಉಪವಾಸದಲ್ಲಿ ನನ್ನ ಸೊಪ್ಪಿನ ಸಾರಿಗೆ ಮಾತ್ರ ಜಾಗವಿಲ್ಲ, ಯಾಕೆಂದರೆ ಅದು "ದಿನಾ ಇದ್ದದ್ದೇ".

ಇನ್ನು ಭಾನುವಾರ. ನಮ್ಮ ಯಜಮಾನರು ಮತ್ತು ಅವರ ಸ್ನೇಹಿತರ ಪಡೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ವ್ರತ ಹಿಡಿದಿದೆ. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು. ಹೊಸ ಶೂ, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ, ನಂದಿಯ ಮುಂದೆ ನಿಂತು ಒಂದು ಫೋಟೋ. ಇಷ್ಟಕ್ಕೆ ನನ್ನ ಆಕ್ಷೇಪವಿಲ್ಲ, ಬಹಳ ಒಳ್ಳೆಯದು. ಆದರೆ ಇಳಿದವರು ಸೀದಾ ಹೋಗುವುದು ನಜರ್‌ಬಾದಿನ ಮೈಲಾರಿ ದೋಸೆಗೆ. ಮೆತ್ತಗಿನ ಆ ದೋಸೆಯ ಮೇಲೆ ಬೆಣ್ಣೆ ಕರಗುತ್ತಿರುತ್ತದೆ, ಒಂದಕ್ಕೆ ನಿಲ್ಲಿಸಿದವರು ಮನುಷ್ಯರಲ್ಲ, ಒಪ್ಪಿದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಅದನ್ನು ಕರಗಿಸಲು ಅರ್ಧ ಗಂಟೆಯಷ್ಟು ಬಿರುಸಾಗಿ ನಡೆಯಬೇಕು ಎಂದು ಹೇಳಿದರೆ "ನಿನ್ನ ಲೆಕ್ಕ ಬ್ಯಾಂಕಿನಲ್ಲಿಟ್ಟುಕೋ" ಎಂಬ ಉತ್ತರ ಬರುತ್ತದೆ. ಹತ್ತು ಗಂಟೆಗೆ ಮನೆಗೆ ಬಂದು, ಮಟನ್ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸೋಫಾದ ಮೇಲೆ ಬಿದ್ದುಕೊಂಡು ಕೇಳುತ್ತಾರೆ: "ಸಾರಿನ ಜೊತೆ ಮುದ್ದೆ ಇರಲಿ, ಮಕ್ಕಳಿಗೆ ಗೀ ರೈಸ್ ಮಾಡಿಬಿಡುತ್ತೀಯಾ?"

ಆ ಹೊತ್ತಿಗೆ ನಾನು ಎಲ್ಲಿದ್ದೆ ಎನ್ನುತ್ತೀರಾ? ಬೆಳಗ್ಗೆ ಆರಕ್ಕೇ ಎದ್ದಿದ್ದೆ. ಕೆರೆಗೆ ಹೋಗಲಿಲ್ಲ. ಮಗಳು ಎಂಟಕ್ಕೆ ಒಮ್ಮೆ, ಅವಳ ಅಜ್ಜಿ ಏಳಕ್ಕೆ ಒಮ್ಮೆ, ಊರಿಂದ ಬಂದ ನಾದಿನಿಯ ಮಕ್ಕಳು ಒಂಬತ್ತಕ್ಕೆ ಒಮ್ಮೆ ಏಳುವ ದಿನ ಅದು. ಪ್ರತಿಯೊಬ್ಬರಿಗೂ ಬಿಸಿಬಿಸಿ ಪೂರಿ. ಒಂದೇ ಸಲ ಮಾಡಿಟ್ಟರೆ ಮೆತ್ತಗಾಗುತ್ತದಲ್ಲ! ಮಸಾಲೆ ಹುರಿದು ರುಬ್ಬುವುದು, ತಿಂಡಿ ಪಾತ್ರೆ ತೊಳೆಯುವುದರೊಳಗೆ ಊಟದ ಪಾತ್ರೆ, ಮಧ್ಯಾಹ್ನ ಮೂರಕ್ಕೆ ನಾನು ಉಣ್ಣಲು ಕೂರುವುದು, ಐದಕ್ಕೆ "ಮಳೆ ಬರುವ ಹಾಗಿದೆ, ಎರಡು ಮೆಣಸಿನಕಾಯಿ ಬಜ್ಜಿ ಹಾಕು" ಎಂಬ ಬೇಡಿಕೆ. ಹುರಿಯುತ್ತಾ ನಿಂತವಳು ರುಚಿ ನೋಡದೆ ಇರುತ್ತಾಳೆಯೇ? ಸುಟ್ಟುಹೋದ ಪೂರಿ, ಮುರಿದ ಬಜ್ಜಿ, ಮಕ್ಕಳು ಬಿಟ್ಟ ಅರ್ಧ ತಟ್ಟೆ ಗೀ ರೈಸ್, ಇವೆಲ್ಲ ಯಾರ ಹೊಟ್ಟೆಗೆ ಹೋಗುತ್ತವೆ ಎಂದು ಯಾವ ಆಹಾರತಜ್ಞರೂ ನನ್ನನ್ನು ಕೇಳಿಲ್ಲ. "ಭಾನುವಾರವೂ ನಿಯಮ ಪಾಲಿಸಿ" ಎಂದು ಹೇಳಿ ಚೀಟಿ ಬರೆದುಕೊಡುತ್ತಾರೆ. ಅಡುಗೆಮನೆಯಲ್ಲಿ ನಿಂತವಳಿಗೆ ಅದು ಹೇಗೆ ಸಾಧ್ಯ ಎಂಬುದಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಇದು ನನ್ನೊಬ್ಬಳ ಗೋಳು ಎನ್ನುವವರು ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಲಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಆ ಕೆಲಸ ಮಾಡುತ್ತೇನೆ ಎಂದ ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ. 2019ರಲ್ಲಿ ಅವರದು 97 ನಿಮಿಷವಿತ್ತು. ಐದು ವರ್ಷಗಳಲ್ಲಿ ಪ್ರಗತಿ ಯಾವ ದಿಕ್ಕಿನಲ್ಲಿ ನಡೆದಿದೆ ಎಂದು ನೀವೇ ನೋಡಿ.

ಕಳೆದ ವಾರ ಈ ಮಾತು ತೆಗೆದಾಗ ನಮ್ಮ ಯಜಮಾನರು ಮೊಬೈಲಿನಲ್ಲಿ ಒಂದು ಸಂಶೋಧನೆಯನ್ನು ಹುಡುಕಿ ತಂದು ಮೂಗಿನ ಮುಂದೆ ಹಿಡಿದರು. ಸುಳ್ಳೇನಲ್ಲ, ನಾನೂ ಓದಿದೆ. 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದದ್ದು. ಬ್ರಿಟನ್ನಿನ ಸುಮಾರು 90,000 ಜನರ ಮಣಿಕಟ್ಟಿಗೆ ಒಂದು ವಾರ ಉಪಕರಣ ಕಟ್ಟಿ ಅವರ ಓಡಾಟವನ್ನು ಅಳೆದಿದ್ದಾರೆ. ವಾರದ ವ್ಯಾಯಾಮದ ಬಹುಪಾಲನ್ನು ಒಂದೆರಡು ದಿನಗಳಲ್ಲೇ ಮುಗಿಸಿದವರಿಗೂ ವಾರವಿಡೀ ಹಂಚಿಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿದೆ. "ನೋಡು, ಭಾನುವಾರ ಬೆಟ್ಟ ಹತ್ತಿದರೆ ಸಾಕು" ಎಂದರು. ಪೂರ್ತಿ ಓದಿ ಸ್ವಾಮಿ ಎಂದೆ. ಅವರೆಲ್ಲ ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿದವರು. ನಿಮ್ಮ ಮೆಟ್ಟಿಲು ಮುಕ್ಕಾಲು ಗಂಟೆ, ಉಳಿದದ್ದೆಲ್ಲ ನಂದಿಯ ಮುಂದೆ ಹರಟೆ. ದೋಸೆಯ ಬೆಣ್ಣೆಯನ್ನು ಮೆಟ್ಟಿಲು ಅಳಿಸಿಹಾಕುತ್ತದೆ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಸಕ್ಕರೆಯವರಿಗಂತೂ ಅಮೆರಿಕದ ಮಧುಮೇಹ ಸಂಘದ ಮಾತು ಬೇರೆಯೇ ಇದೆ: ವ್ಯಾಯಾಮವಿಲ್ಲದೆ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಕಳೆಯಬೇಡಿ ಎನ್ನುತ್ತಾರೆ. ಮೈ ದಣಿದಾಗ ಸ್ನಾಯುಗಳು ಸಕ್ಕರೆಯನ್ನು ಚುರುಕಾಗಿ ಹೀರಿಕೊಳ್ಳುತ್ತವೆ, ಆ ಚುರುಕು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಶನಿವಾರ, ಭಾನುವಾರ ಎರಡೂ ಹೋಗಿ, ಸೋಮವಾರ ಕಾಲು ನೋವೆಂದು ಮಲಗಿದರೆ ಅಲ್ಲಿಗೆ ಮುಗಿಯಿತು. ಅದೂ ಇರಲಿ. ಎರಡೇ ದಿನ ಸಾಕು ಎಂದೇ ಇಟ್ಟುಕೊಳ್ಳೋಣ. ಆ ಎರಡು ದಿನ ನಾನು ಹೋದರೆ ಒಲೆಯ ಮುಂದೆ ನಿಲ್ಲುವವರು ಯಾರು? ಇದಕ್ಕೆ ಜಾಮಾದಲ್ಲಿ ಉತ್ತರವಿಲ್ಲ, ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲೂ ಇಲ್ಲ.

"ನಮ್ಮ ಹಿರಿಯರು ತುಪ್ಪ ಸುರಿದುಕೊಂಡು ತಿನ್ನುತ್ತಿರಲಿಲ್ಲವೇ?" ಎಂಬ ಇನ್ನೊಂದು ಮಾತಿದೆ. ತಿನ್ನುತ್ತಿದ್ದರು, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಬಂದು. ನೀವು ಯಾವ ಗದ್ದೆಯಿಂದ ಬಂದಿರಿ?

ಹಿರಿಯರ ಮಾತು ಬಂದದ್ದಕ್ಕೆ ಹೇಳುತ್ತೇನೆ, ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ. ಸಕ್ಕರೆ ಕಾಯಿಲೆಯಿದ್ದ ನಮ್ಮ ಅಪ್ಪನಿಗೆ ಎಲ್ಲರೂ ಪ್ರೀತಿಯಿಂದಲೇ ಬಡಿಸಿದ್ದರು. ಮನೆಗೆ ಹೋದಲ್ಲೆಲ್ಲ "ಮೇಷ್ಟ್ರೇ, ಒಂದು ದಿನಕ್ಕೆ ಏನಾಗುತ್ತದೆ" ಎಂದು ಮೈಸೂರು ಪಾಕು ಕೊಟ್ಟವರು, ಮೊದಲು ಹೆಬ್ಬೆರಳು, ಆಮೇಲೆ ಪಾದ ತೆಗೆದಾಗ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೂ ಬಂದರು. ಒಳ್ಳೆಯ ಜನವೇ. ಆದರೆ ಗಾಯ ತೊಳೆದು ಪಟ್ಟಿ ಕಟ್ಟಿದ್ದು ನಮ್ಮ ಅಮ್ಮ, ಆರು ದಿನವೂ, ಭಾನುವಾರವೂ. ಇವತ್ತು ಪಂಕ್ತಿಯಲ್ಲಿ ಎಲ್ಲರೂ ನಕ್ಕಾಗ ನನಗೆ ನಗು ಬಾರದಿದ್ದಕ್ಕೆ ಕಾರಣ ಅದು. ಒಬ್ಬಟ್ಟಿನ ಮೇಲೆ ನನಗೆ ದ್ವೇಷವಿದೆ ಎಂದುಕೊಳ್ಳಬೇಡಿ. ಆ ಪಂಕ್ತಿಯಲ್ಲಿ ಅದನ್ನು ನನ್ನಷ್ಟು ಆಸೆಪಟ್ಟು ನೋಡುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಒಂದನ್ನು ಸವಿದು ತಿಂದಿದ್ದೆ. ಎರಡನೆಯದನ್ನು ಬೇಡ ಎನ್ನಲು ಎಷ್ಟು ಕಷ್ಟವಾಯಿತು ಎಂದು ಬಡಿಸುವವನಿಗೆ ಗೊತ್ತಿದ್ದರೆ ಕೈಮುಗಿದು ಮುಂದೆ ಹೋಗುತ್ತಿದ್ದ.

ಹಾಗೆಂದು ನಾನೇನೂ ಭಾನುವಾರ ಎಲ್ಲರೂ ಸೌತೆಕಾಯಿ ಕಡಿಯುತ್ತಾ ಕೂರಬೇಕೆನ್ನುತ್ತಿಲ್ಲ. ಮಟನ್ ಸಾರು, ಮುದ್ದೆ ಇರಲಿ, ಜೊತೆಗೆ ಮೂಲಂಗಿ, ಈರುಳ್ಳಿ ಹೆಚ್ಚಿಡಲು ಯಾರಾದರೂ ಏಳಲಿ. ಗೀ ರೈಸ್ ಬೇಕೆಂದವರು ಅಕ್ಕಿ ತೊಳೆಯಲಿ. ಉಂಡ ಮೇಲೆ ಹದಿನೈದು ನಿಮಿಷ ನಡೆದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ. ಪಾತ್ರೆ ತೊಳೆಯುವವರು ಬೇರೆ ಇದ್ದರೆ ನಾನೂ ಆ ಹದಿನೈದು ನಿಮಿಷ ನಡೆಯಬಹುದು. ಪೂರಿಯ ಬದಲು ಇಡ್ಲಿ ಇಟ್ಟರೆ ಎಲ್ಲರಿಗೂ ಒಂದೇ ಸಲ ಬೇಯುತ್ತದೆ, ತಣ್ಣಗಿದ್ದರೆ ತಣ್ಣಗೇ ತಿನ್ನಲಿ. ಇದನ್ನೆಲ್ಲ ಸಂಧಾನದ ಧಾಟಿಯಲ್ಲಿ ಮನೆಯಲ್ಲಿ ಮಂಡಿಸಿದೆ. ಅತ್ತೆಯವರು, ಆಶ್ಚರ್ಯವೆಂದರೆ, ನನ್ನ ಕಡೆ ಬಂದರು. "ಅವಳು ಹೋಗಲಿ ಬಿಡೋ, ನನ್ನ ಕಾಫಿ ನಾನು ಬೆರೆಸಿಕೊಳ್ಳುತ್ತೇನೆ" ಎಂದರು ಮಗನಿಗೆ. ಮಗ ಏನೂ ಹೇಳಲಿಲ್ಲ. ಒಪ್ಪಿಗೆ ಎಂದೇ ಬರೆದುಕೊಂಡಿದ್ದೇನೆ.

ಆದ್ದರಿಂದ ಮುಂದಿನ ಭಾನುವಾರ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ನಾನು ಕೆರೆ ಏರಿಯ ಮೇಲಿರುತ್ತೇನೆ, ಫೋನ್ ಮಾಡಬೇಡಿ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿರುತ್ತದೆ, ಕಾವಲಿ ಒಲೆಯ ಪಕ್ಕದಲ್ಲೇ ಇರುತ್ತದೆ. ಸಾವಿರ ಮೆಟ್ಟಿಲು ಹತ್ತುವವರಿಗೆ ನಾಲ್ಕು ದೋಸೆ ಹುಯ್ಯುವುದು ಕಷ್ಟವಾಗಲಾರದು.