ನಿಮ್ಮ ಬಲಗಾಲೇ ಸರಿ ಇಲ್ಲ ಸ್ವಾಮಿ

ಕಂಪನಿಯ ಮೈಲೇಜ್ ಪಟ್ಟಿಯಲ್ಲಿ ಲೀಟರಿಗೆ 20 ಕಿಲೋಮೀಟರ್ ಅಂತ ಇದೆ, ನನಗೆ 14 ದಾಟುತ್ತಿಲ್ಲ, ಯಾಕೆ? ಡೀಸೆಲ್ ಎಸ್‌ಯುವಿ ಕೊಂಡವರು ಯಾರೇ ಇದನ್ನು ಕೇಳಲಿ, ಶೋರೂಮಿನವರಿಂದ ಸಿಗುವ ಉತ್ತರ ಒಂದೇ. 'ಅದು ನೀವು ಓಡಿಸೋ ರೀತಿ ಮೇಲೆ ಹೋಗುತ್ತೆ ಸಾರ್.' ಎಂಜಿನ್ ಸರಿ ಇದೆ. ಲೆಕ್ಕ ಸರಿ ಇದೆ. ನಿಮ್ಮ ಬಲಗಾಲೇ ಸರಿ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಅವಳಿಗಿಂತ ಮುಂದೆ ಹೋಗಿ, ನೋಡೋಕೆ ಬಂದವರ ಕಾಲೇ ಡೊಂಕು ಅನ್ನುತ್ತಿದ್ದಾರೆ.

ಹಾಗಂತ ಆ 20 ಸುಳ್ಳು ಅನ್ನಬೇಡಿ. ಅದು ಸರ್ಕಾರದ ಮುದ್ರೆ ಬಿದ್ದ ಅಪ್ಪಟ ಸತ್ಯ. ತೊಂದರೆ ಇಷ್ಟೇ, ಆ ಸತ್ಯ ಹುಟ್ಟಿ ಬೆಳೆದದ್ದೆಲ್ಲ ಮೈಲೇಜ್ ಪರೀಕ್ಷೆಯ ಒಂದು ಕೋಣೆಯಲ್ಲಿ. ಅದು ರಸ್ತೆ ಕಂಡಿದ್ದೇ ಇಲ್ಲ.

ಆ ಕೋಣೆಯನ್ನು ಒಮ್ಮೆ ನೋಡಬೇಕು. ನೆಲದಲ್ಲಿ ರೋಲರ್. ಅದರ ಮೇಲೆ ಗಾಡಿಯ ಚಕ್ರ. ಎದುರಿಗೆ ದೊಡ್ಡ ಫ್ಯಾನ್, ಎಂಜಿನ್‌ಗೆ ಸೆಕೆ ಆಗದಿರಲಿ ಅಂತ. ಒಳಗೆ ಕೂತ ಡ್ರೈವರ್‌ಗೆ ಸೆಕೆ ಆದರೆ ಆಗಲಿ, ಎಸಿ ಹಾಕುವ ಹಾಗಿಲ್ಲ. ಅವನ ಮುಂದೆ ರಸ್ತೆಯ ಬದಲು ಒಂದು ಪರದೆ. ಪರದೆಯ ಮೇಲೆ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ವೇಗ ಆ ಗೆರೆಯ ಹಿಂದೆ ಹಿಂದೆ ಹೋದರೆ ಕೆಲಸ ಮುಗೀತು. ತಿರುವಿಲ್ಲ, ಏರಿಲ್ಲ, ಹಂಪ್ ಇಲ್ಲ, ಹಿಂದಿನ ಸೀಟಲ್ಲಿ ಜನ ಇಲ್ಲ.

ಯುರೋಪಿನಲ್ಲಿ ಬಹಳ ವರ್ಷ ನಡೆದ, ಬೇರೆ ಹಲವು ದೇಶಗಳೂ ಅಷ್ಟಿಷ್ಟು ತಿದ್ದಿಕೊಂಡು ಬಳಸಿದ ಎನ್‌ಇಡಿಸಿ ಪರೀಕ್ಷೆ ಒಟ್ಟು 1,180 ಸೆಕೆಂಡಿನದ್ದು. ಇಪ್ಪತ್ತು ನಿಮಿಷವೂ ಇಲ್ಲ. ಓಡುವ ದೂರ ಸುಮಾರು 11 ಕಿಲೋಮೀಟರ್. 120ರ ವೇಗ ಬರುವುದು 10 ಸೆಕೆಂಡು ಮಾತ್ರ. ನನಗೆ ಅದರಲ್ಲಿ ತುಂಬಾ ಇಷ್ಟವಾದ ಅಂಶ ಬೇರೆ. ನಿಂತ ಗಾಡಿ 50ರ ವೇಗ ಮುಟ್ಟಲು 26 ಸೆಕೆಂಡು ಕೊಟ್ಟಿದ್ದರು. ಸಿಗ್ನಲ್ ಬಿಟ್ಟ ಮೇಲೆ ನೀವೂ ಒಂದ್ಸಲ 26 ಸೆಕೆಂಡು ತಗೊಂಡು 50 ಮುಟ್ಟಿ ನೋಡಿ. ಹಿಂದಿನವನು ಹಾರ್ನ್ ಬಡಿಯುವುದು ಬಿಟ್ಟು, ಇಳಿದು ಬಂದು, ಆರೋಗ್ಯ ಹೇಗಿದೆ ಅಂತ ವಿಚಾರಿಸುತ್ತಾನೆ.

ರೋಲರ್ ಮೇಲೆ ಗಾಳಿಯ ತಡೆ ಇರುವುದಿಲ್ಲವಲ್ಲ, ಅದಕ್ಕೇನು ಮಾಡುತ್ತಾರೆ? ಮೊದಲೇ ಗಾಡಿಯನ್ನು ಹೊರಗೆ ಜೋರಾಗಿ ಓಡಿಸಿ, ನ್ಯೂಟ್ರಲ್‌ಗೆ ಹಾಕಿ, ಎಷ್ಟು ಹೊತ್ತಿಗೆ ನಿಧಾನವಾಗುತ್ತದೆ ಅಂತ ನೋಡುತ್ತಾರೆ. ಗಾಳಿಯ ತಡೆ, ಟೈರಿನ ತಡೆ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ. ಆ ಅಂಕಿಯನ್ನು ರೋಲರ್‌ಗೆ ಉಣಿಸುತ್ತಾರೆ. ಸರಿ, ಓಡಿಸಿ ನೋಡುವವರು ಯಾರು? ಸಾಮಾನ್ಯವಾಗಿ ಗಾಡಿ ಮಾಡಿದವರೇ. ಬಾಗಿಲ ಸಂದಿಗೆ ಟೇಪ್ ಅಂಟಿಸಿದ್ದರು, ಟೈರಿಗೆ ಗಾಳಿ ಜಾಸ್ತಿ ತುಂಬಿದ್ದರು ಅಂತೆಲ್ಲ ಆಗಾಗ ಆರೋಪ ಬಂದದ್ದುಂಟು. ಜಪಾನಿನ ಮಿತ್ಸುಬಿಷಿಯವರಿಗೆ ಟೇಪಿನ ತಾಪತ್ರಯವೂ ಬೇಡವಾಯಿತು. ಅಂಕಿಯನ್ನೇ ತಿದ್ದಿದ್ದೇವೆ ಅಂತ 2016ರಲ್ಲಿ ಒಪ್ಪಿಕೊಂಡರು. ಕಾನೂನಿಗೆ ಹೊಂದದ ರೀತಿಯಲ್ಲಿ ಅಳೆಯುವುದು 1991ರಿಂದಲೇ ನಡೆದಿತ್ತಂತೆ. ಇಷ್ಟೆಲ್ಲ ಸಾಲದು ಅಂತ ಎನ್‌ಇಡಿಸಿ ನಿಯಮದಲ್ಲೇ ಇನ್ನೊಂದು ಸೌಕರ್ಯ ಇತ್ತು. ಅಳತೆಯಲ್ಲಿ ಬಂದದ್ದಕ್ಕಿಂತ ಶೇ. 4ರಷ್ಟು ಕಡಿಮೆ ಬಳಕೆಯನ್ನು ಕಂಪನಿ ಘೋಷಿಸಿಕೊಳ್ಳಬಹುದಿತ್ತು. ಪರೀಕ್ಷೆ ಬರೆದವರೇ ನಾಲ್ಕು ಮಾರ್ಕ್ಸ್ ಹಾಕಿಕೊಳ್ಳಿ ಅಂದಂಗೆ.

ಈ ಕೋಣೆಯ ಗುಟ್ಟು ಗಾಡಿಗೂ ಗೊತ್ತಾಗಿದ್ದು 2015ರಲ್ಲಿ ಬಯಲಾಯಿತು. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರಿನ ಸಾಫ್ಟ್‌ವೇರಿನಲ್ಲೇ ಕಳ್ಳಾಟ ಇಟ್ಟಿದ್ದ ಕತೆ ಅದು. ಅದು ಹೊಗೆಯ ವಿಷಯ, ಮೈಲೇಜಿನದ್ದಲ್ಲ. ಆದರೂ ಆ ಗಾಡಿಯ ಬುದ್ಧಿಯನ್ನು ಮೆಚ್ಚಲೇಬೇಕು. ಚಕ್ರ ತಿರುಗುತ್ತಿದೆ, ಸ್ಟೀರಿಂಗ್ ಮಾತ್ರ ತಿರುಗುತ್ತಿಲ್ಲ, ಅಂದರೆ ಇದು ಪರೀಕ್ಷೆ ಅಂತ ಅದಕ್ಕೆ ತಾನಾಗೇ ಹೊಳೆಯುತ್ತಿತ್ತು. ಕೂಡಲೇ ಸಭ್ಯನಾಗುತ್ತಿತ್ತು. ರಸ್ತೆಗಿಳಿದ ಮೇಲೆ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಅನ್ನುವ ಹಾನಿಕಾರಕ ಅನಿಲ ಬಿಡುತ್ತಿತ್ತು. ಜಗತ್ತಿನಲ್ಲಿ ಇಂಥ ಗಾಡಿ ಸುಮಾರು 1 ಕೋಟಿ 10 ಲಕ್ಷ.

ಮತ್ತೆ ಬಲಗಾಲಿಗೆ ಬರೋಣ. ಐಸಿಸಿಟಿ ಅನ್ನುವ ಸಂಶೋಧನಾ ಸಂಸ್ಥೆ ಯುರೋಪಿನ ಗಾಡಿಗಳ ಲೆಕ್ಕ ಇಡುತ್ತಾ ಬಂದಿದೆ. 2001ರಲ್ಲಿ ಗಾಡಿ ಪಟ್ಟಿಗಿಂತ ರಸ್ತೆಯಲ್ಲಿ ಜಾಸ್ತಿ ಕುಡಿಯುತ್ತಿದ್ದ ಇಂಧನ ಸುಮಾರು ಶೇ. 9. 2015ರ ಹೊತ್ತಿಗೆ ಅದು ಶೇ. 42 ಆಯಿತು. ಅಂದರೆ 20 ಅಂತ ಬರೆದ ಗಾಡಿ ಕೊಡುವುದು 14. ನನ್ನದೊಂದು ಸಣ್ಣ ಅನುಮಾನ. ಹದಿನಾಲ್ಕು ವರ್ಷದಲ್ಲಿ ಇಡೀ ಖಂಡದ ಜನರ ಬಲಗಾಲು ಒಟ್ಟಿಗೇ ಇಷ್ಟು ಭಾರ ಆಯ್ತಾ? ಅದೂ ಹೊಸ ಗಾಡಿ ಕೊಂಡವರದ್ದು ಮಾತ್ರ? ವೈದ್ಯಲೋಕ ಇದನ್ನು ಗಮನಿಸದೇ ಬಿಟ್ಟದ್ದು ಆಶ್ಚರ್ಯ.

ಎಸ್‌ಯುವಿಯ ಜಾಹೀರಾತು ನೋಡಿದರೆ ಇನ್ನೂ ಮಜಾ. ಗಾಡಿ ಹೊಳೆ ದಾಟುತ್ತದೆ, ಕಲ್ಲುಬೆಟ್ಟ ಹತ್ತುತ್ತದೆ, ಮರಳು ಹಾರಿಸುತ್ತದೆ. ತಲೆ ಮೇಲೆ ಎರಡು ಸೈಕಲ್, ಒಂದು ದೋಣಿ. ಅದೇ ಪುಸ್ತಿಕೆಯ ಕೊನೆಯ ಪುಟದಲ್ಲಿ ಮೈಲೇಜಿನ ಅಂಕಿ, ಪಕ್ಕದಲ್ಲಿ ಇರುವೆ ಗಾತ್ರದ ನಕ್ಷತ್ರ ಚಿಹ್ನೆ. ಆ ಅಂಕಿ ಬರಬೇಕಾದರೆ ದೋಣಿ ಇಳಿಸಿ, ಕ್ಯಾರಿಯರ್ ಬಿಚ್ಚಿ, ಡಿಕ್ಕಿ ಖಾಲಿ ಮಾಡಿ, ಎಸಿ ಆರಿಸಿ, ಸಮತಟ್ಟು ರಸ್ತೆಯಲ್ಲಿ ಎಪ್ಪತ್ತು-ಎಂಬತ್ತರಲ್ಲಿ ಸುಮ್ನೆ ಹೋಗ್ತಾ ಇರಬೇಕು. ಹಾಗೆ ಹೋದರೆ ಬರುತ್ತದೆ ಕೂಡ, ಇಲ್ಲ ಅನ್ನುವುದಿಲ್ಲ. ಆದರೆ ಹಾಗೆ ಹೋಗುವವನಿಗೆ ಎತ್ತರದ, ಅಗಲದ, ಎರಡು ಟನ್ನಿನ ಗಾಡಿ ಯಾಕೆ ಬೇಕು? ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಎದೆ ಉಬ್ಬಿಸಿ ನಿಂತ ಗಾಡಿಗೆ ಅದರ ಪೆಟ್ಟು ಇನ್ನೂ ಜಾಸ್ತಿ.

ಡೀಸೆಲ್‌ಗೆ ಅದರದ್ದೇ ಇನ್ನೊಂದು ಖರ್ಚಿದೆ. ಮಸಿ ಹಿಡಿಯುವ ಫಿಲ್ಟರ್. ತುಂಬಿದಾಗ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರನ್ನು ಕಾಯಿಸಬೇಕು. ಊರೊಳಗೇ ತಿರುಗುವ ಗಾಡಿಯಲ್ಲಿ ಇದು ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವುದಷ್ಟೇ ಕೆಲಸವಾದರೆ ಡೀಸೆಲ್ ಯಾಕೆ ಅಂತ ಮಾರುವವರು ಕೇಳುವುದು ಅಪರೂಪ.

2017ರಲ್ಲಿ ಯುರೋಪಿಗೆ ಹೊಸ ಪರೀಕ್ಷೆ ಬಂತು, ಡಬ್ಲ್ಯುಎಲ್‌ಟಿಪಿ. ಅರ್ಧ ಗಂಟೆ, 23 ಕಿಲೋಮೀಟರ್, ಗರಿಷ್ಠ ವೇಗ 131. ಭೇಷ್. ಕೋಣೆ ಅದೇ, ರೋಲರ್ ಅದೇ, ಎಸಿ ಈಗಲೂ ಆಫ್. 2021ರಿಂದ ಅಲ್ಲಿನ ಹೊಸ ಕಾರುಗಳಲ್ಲಿ, ಕುಡಿದ ಇಂಧನವನ್ನು ಕಾರೇ ಲೆಕ್ಕ ಇಡುವ ಮೀಟರ್ ಕಡ್ಡಾಯವಾಯಿತು. ಸುಮಾರು 6 ಲಕ್ಷ ಗಾಡಿಗಳ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಹೊರಗಿಟ್ಟಿತು. ಡೀಸೆಲ್ ಕಾರುಗಳು ಹೊಸ ಪಟ್ಟಿಗಿಂತಲೂ ಸುಮಾರು ಶೇ. 18 ಜಾಸ್ತಿ ಕುಡಿಯುತ್ತಿದ್ದವು. ಪೆಟ್ರೋಲಿನವು ಶೇ. 24. ಇಂಧನದ ಜೊತೆಗೆ ಚಾರ್ಜ್ ಮಾಡಿಯೂ ಓಡಿಸುವ ಪ್ಲಗ್-ಇನ್ ಹೈಬ್ರಿಡ್‌ಗಳು ಪಟ್ಟಿಯ ಮೂರೂವರೆ ಪಟ್ಟು. ಡೀಸೆಲ್‌ನವರು ಬೇಕಿದ್ದರೆ ಇಲ್ಲಿ ಒಂದು ನಿಮಿಷ ಸಮಾಧಾನ ಪಟ್ಟುಕೊಳ್ಳಬಹುದು.

ತಮಾಷೆ ಸಾಕು. ಲೆಕ್ಕ ಗಾಡಿಯೊಳಗೇ ಇದೆ. ಯಾವ ಮಾಡೆಲ್ ಎಷ್ಟು ಕುಡಿಯುತ್ತದೆ ಅಂತ ಹೇಳಲು ಹೊಸ ಕೋಣೆ ಬೇಡ, ಹೊಸ ರೋಲರ್ ಬೇಡ, ಇನ್ನೊಂದು ಸಮಿತಿ ಬೇಡ. ಆದರೂ ಪುಸ್ತಿಕೆಯಲ್ಲಿ ಅಚ್ಚಾಗುವುದು ಕೋಣೆಯ ಅಂಕಿಯೇ. ಅದನ್ನೇ ನಂಬಿ ಜನ ಸಾಲ ಮಾಡುತ್ತಾರೆ, ತಿಂಗಳ ಖರ್ಚು ಹಾಕಿಕೊಳ್ಳುತ್ತಾರೆ, ಅದು ತಪ್ಪಿದಾಗ ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಮೇಲೆ, ಓಡಿಸೋಕೆ ಬರಲ್ಲ ಅಂತ ಹೇಳಿಸಿಕೊಳ್ಳುವುದು ಬೇರೆ. ಗೊತ್ತಿದ್ದೂ ಹೇಳದವರಿಗೆ ನಾಚಿಕೆಯಾಗಬೇಕು. ಕೇಳಿ ಕೇಳಿ ಬೇಜಾರಾಗಿದೆ.

ರಸ್ತೆಯ ಅಂಕಿ ಪುಸ್ತಿಕೆಯಲ್ಲಿ ಅಚ್ಚಾಗುವವರೆಗೆ ಹಳೇ ದಾರಿಯೇ ಗತಿ. ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ತುಂಬಿಸಿ, ಭಾಗಿಸಿ. ಡ್ಯಾಶ್‌ಬೋರ್ಡ್ ಪರದೆ ತೋರಿಸುವ ಸರಾಸರಿಯನ್ನು ಪೂರ್ತಿ ನಂಬಬೇಡಿ, ಅದೂ ಅದೇ ಮನೆಯ ಮಗು. ಬಂದ ಅಂಕಿಯನ್ನು ಶೋರೂಮಿನವರ ಕಿವಿಗೆ ಹಾಕಬೇಡಿ. ಇಂಧನ ಉಳಿಸುವ ಚಾಲನೆಯ ಉಚಿತ ಶಿಬಿರ ಇದೆ ಬನ್ನಿ ಸಾರ್ ಅಂತ ಕರೆಯುತ್ತಾರೆ.