ಗಾಂಧಿ ಬಜಾರಿನ ಮೊಳ, ಆಕಾಶದ ಪಾರ್ಸೆಕ್

ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡ್ ಎಷ್ಟು ದೂರ ಅಂತ ಕೇಳಿ ನೋಡಿ. "ಈಗ ಹೊರಟ್ರೆ ಒಂದೂವರೆ ಗಂಟೆ ಸಾರ್, ಮಳೆ ಬಂದ್ರೆ ದೇವರೇ ಗತಿ." ಕಿಲೋಮೀಟರಿನ ಸುದ್ದಿಯೇ ಇಲ್ಲ. ದೂರವನ್ನು ಹೀಗೆ ಗಂಟೆಯಲ್ಲಿ ಹೇಳುವ ಊರಿನಲ್ಲೂ ಜ್ಯೋತಿರ್ವರ್ಷವನ್ನು ವಯಸ್ಸಿನ ಲೆಕ್ಕ ಅಂದುಕೊಳ್ಳುವವರಿದ್ದಾರೆ! ಅದೂ ಇದೇ ಜಾತಿಯ ಅಳತೆ, ಬೆಳಕಿಗೆ ಸಿಗ್ನಲ್ ಇಲ್ಲ ಅಷ್ಟೇ. ಸೆಕೆಂಡಿಗೆ 2,99,792.458 ಕಿ.ಮೀ.ನಂತೆ 365.25 ದಿನ ಓಡಿದರೆ ಸುಮಾರು 9.46 ಲಕ್ಷ ಕೋಟಿ ಕಿ.ಮೀ., ಅದೇ ಒಂದು ಜ್ಯೋತಿರ್ವರ್ಷ.

ಇದನ್ನು ಮೊಳಕ್ಕೆ ಇಳಿಸುವುದು ಕಷ್ಟವೇನಲ್ಲ. ಮೊಳಕ್ಕೆ 18 ಇಂಚು, ಅಂದರೆ 0.4572 ಮೀಟರ್. ಜ್ಯೋತಿರ್ವರ್ಷವನ್ನೂ ಮೀಟರಿಗೆ ತಂದು ಭಾಗಿಸಿದರೆ 207 ಕೋಟಿ ಕೋಟಿ ಮೊಳ. ಇದು ಪುಸ್ತಕದ ಮೊಳ. ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಅಳೆಯುವುದು ಮೊಣಕೈಯಲ್ಲಿ. "ಅಕ್ಕಾ, ಕೈ ಚಾಚಿ ಅಳೀರಿ" ಅಂದರೆ "ದೇವ್ರು ಕೊಟ್ಟಿರೋದೇ ಇಷ್ಟಮ್ಮ" ಅಂತ ಉತ್ತರ. ಆ ಕೈ 42 ಸೆಂ.ಮೀ. ಇದ್ದರೆ ಅದೇ ಜ್ಯೋತಿರ್ವರ್ಷ 225 ಕೋಟಿ ಕೋಟಿ ಮೊಳವಾಗುತ್ತದೆ. ಅಳತೆಗೋಲು ಗಿಡ್ಡವಾದಷ್ಟೂ ಸಂಖ್ಯೆ ಬೆಳೆಯಬೇಕು. ಬೆಳೆಯದಿದ್ದರೆ ಭಾಗಿಸುವ ಕಡೆ ಗುಣಿಸಿದ್ದೀರಿ, ಇನ್ನೊಮ್ಮೆ ನೋಡಿ.

ಇಂಚಿಗೆ 2.54 ಸೆಂ.ಮೀ. ಬದಲು 2.5 ಹಾಕಿ "ಪರವಾಗಿಲ್ಲ ಬಿಡಿ" ಅನ್ನುವವರೂ ಉಂಟು. 30 ಅಡಿ ಅಗಲದ ಸೈಟಿನಲ್ಲಿ ಆ ಪರವಾಗಿಲ್ಲಕ್ಕೆ 14 ಸೆಂ.ಮೀ. ಬೆಲೆ. ಪಕ್ಕದ ಮನೆಯವರ ಜೊತೆ ಮಾತು ಬಿಡಲು ಧಾರಾಳ ಸಾಕು.

ಹತ್ತರ ಘಾತ ಹಾಕಲು ಕ್ಯಾಲ್ಕುಲೇಟರಿನಲ್ಲಿರುವ ಎಕ್ಸ್‌ಪ್ (EXP) ಗುಂಡಿಯದು ಬೇರೆಯೇ ಚೇಷ್ಟೆ. ಜ್ಯೋತಿರ್ವರ್ಷ ಮೀಟರಿನಲ್ಲಿ 9.46 ಗುಣಿಸು 10ರ 15ನೇ ಘಾತ. ಆ ಘಾತ ಬೇಕೆಂದು "ಗುಣಿಸು 10, ಎಕ್ಸ್‌ಪ್ 15" ಒತ್ತುತ್ತಾರೆ. ಆ ಗುಂಡಿಯೊಳಗೆ ಒಂದು ಹತ್ತು ಆಗಲೇ ಕೂತಿದೆ. ವಿಶ್ವ ಹತ್ತು ಪಟ್ಟು ಹಿಗ್ಗುತ್ತದೆ. 9.46 ಎಕ್ಸ್‌ಪ್ 15, ಅಷ್ಟೇ.

ನಿಜವಾದ ಗುಂಡಿ ಇರುವುದು ಪಾರ್ಸೆಕ್ಕಿನಲ್ಲಿ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಹಿನ್ನೆಲೆಯ ಮುಂದೆ ತುಸು ಅತ್ತಿತ್ತ ಸರಿದಂತೆ ಕಾಣುತ್ತದೆ. ಆ ಸರಿದಾಟದ ಅರ್ಧವೇ ಪ್ಯಾರಲಾಕ್ಸ್. ಅದು ಡಿಗ್ರಿಯ 3600ನೇ ಒಂದು ಪಾಲು, ಅಂದರೆ ಒಂದು ಆರ್ಕ್ ಸೆಕೆಂಡ್ ಇದ್ದರೆ ದೂರ ಒಂದು ಪಾರ್ಸೆಕ್: 3.26 ಜ್ಯೋತಿರ್ವರ್ಷ, ಇಲ್ಲವೇ 2,06,265 ಖಗೋಳಮಾನ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರದ ಲೆಕ್ಕವೇ ಖಗೋಳಮಾನ. 2012ರಲ್ಲಿ ಅದನ್ನು 14,95,97,870.7 ಕಿ.ಮೀ. ಅಂತ ಕಟ್ಟುನಿಟ್ಟು ಮಾಡಿದರು. ಸರಿದಾಟ ಕಡಿಮೆಯಾದಂತೆ ದೂರ ಹೆಚ್ಚು, ಆದ್ದರಿಂದ 1ನ್ನು ಪ್ಯಾರಲಾಕ್ಸ್‌ನಿಂದ ಭಾಗಿಸಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯದ್ದು 0.768 ಆರ್ಕ್ ಸೆಕೆಂಡ್. ಭಾಗಿಸಿದರೆ 1.30 ಪಾರ್ಸೆಕ್, 4.24 ಜ್ಯೋತಿರ್ವರ್ಷ. ಸುಲಭ.

ಆದರೆ ನಕ್ಷತ್ರಗಳ ಪಟ್ಟಿಯಲ್ಲಿ ಅಚ್ಚಾಗಿರುವುದು 768. ಅದು ಮಿಲಿ ಆರ್ಕ್ ಸೆಕೆಂಡ್, ಅಂದರೆ ಆರ್ಕ್ ಸೆಕೆಂಡಿನ ಸಾವಿರದ ಒಂದು ಪಾಲು. ಕಾಲಂ ತಲೆಯ ಮೇಲೆ ಇರುವೆ ಗಾತ್ರದಲ್ಲಿ ಬರೆದಿರುತ್ತಾರೆ. ಅದನ್ನು ನೋಡದೆ ಭಾಗಿಸಿದರೆ ಪ್ರಾಕ್ಸಿಮಾ ಬರೀ 269 ಖಗೋಳಮಾನ ದೂರಕ್ಕೆ ಬಂದು ನಿಲ್ಲುತ್ತದೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಈಗಾಗಲೇ 160 ಖಗೋಳಮಾನ ದಾಟಿದೆ. ಅಂದರೆ ಅರ್ಧ ದಾರಿಗಿಂತ ಹೆಚ್ಚು ಸವೆದಾಗಿದೆ, ಇನ್ನೇನು ಇಳಿಯುವವರು ಬಾಗಿಲ ಹತ್ತಿರ ಬರಬಹುದು! 768ನ್ನು ಮೊದಲು 1000ದಿಂದ ಭಾಗಿಸಿಕೊಂಡರೆ ಮಾತ್ರ 2,68,500ರ ಆಸುಪಾಸು ಬರುತ್ತದೆ, ಎಲ್ಲರೂ ಮತ್ತೆ ಸೀಟಿಗೆ ವಾಪಸ್.